ಎರಡು ತತ್ತಿಗಳ ಬಾಣಂತನ

ವಾಡಿಯಲ್ಲಿ ಬೇಸಿಗೆ ಅಟ್ಟದಿಂದ ಇಳಿಯುತ್ತದೆ. ಶಿವರಾತ್ರಿ ಮುಗಿದು ವಾರವಾಗುವಷ್ಟರಲ್ಲಿ ಇಬ್ಬರು ಹಿಡಿದು ಕೂಲರನ್ನು ಕೆಳಗಿಳಿಸುತ್ತಾರೆ. ಧೂಳು ಝಾಡಿಸಿ, ಹಳೆಯ ಹುಲ್ಲು ಕಿತ್ತು ಹೊಸದು ತುಂಬಿ, ಮೋಟಾರಿಗೆ ಎರಡು ಹನಿ ಎಣ್ಣೆ ಬಿಡುತ್ತಾರೆ. ಅಲ್ಲಿಂದ ಮೃಗಶಿರಾ ಮಳೆ ಬೀಳುವ ತನಕ ಮನೆಗೆ ಅದೇ ಯಜಮಾನ. ಅದರ ಮುಖಕ್ಕೆ ಎಷ್ಟು ಹತ್ತಿರ ಯಾರ ಹಾಸಿಗೆ ಬೀಳುತ್ತದೆ ಎನ್ನುವುದರ ಮೇಲೆ ಮನೆಯೊಳಗೆ ಅವರವರ ಅಂತಸ್ತು ತೀರ್ಮಾನವಾಗುತ್ತದೆ. ನಾನು ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು. ನನಗೆ ಸಿಕ್ಕಿರುವುದು ಬಾಗಿಲ ಕಡೆಯ ಮೂಲೆ.

ಹೋದ ವರ್ಷ ಕೂಲರಿನ ಬೆನ್ನಿನ ಜಾಳಿಗೆ ತೆಗೆದು ಕೈ ಹಾಕಿದೆ. ಮೋಟಾರಿನ ಪಕ್ಕ, ಹಳೆಯ ಹುಲ್ಲಿನ ಗೂಡಿನಲ್ಲಿ, ಬೆರಳಿಗೆ ಎರಡು ಗುಂಡು ತಾಕಿದವು. ಹಸಿ ಬಟಾಣಿಯಷ್ಟು ದಪ್ಪ, ಸುಣ್ಣ ಬಳಿದಂಥ ಬಿಳುಪು. ನನ್ನ ಹೆಂಡತಿ ಬಗ್ಗಿ ನೋಡಿದವಳೇ ತೀರ್ಪು ಕೊಟ್ಟಳು:

“ಹಲ್ಲಿ ತತ್ತಿ ಅವ. ಹೊರಗ ಒಗೀಬ್ಯಾಡ್ರಿ, ಪಾಪ ಹತ್ತತದ.”

ಸರಿ ಎಂದೆ.

“ಮನ್ಯಾಗೂ ಇಡಬ್ಯಾಡ್ರಿ.”

ಒಳಗೂ ಅಲ್ಲದ ಹೊರಗೂ ಅಲ್ಲದ ಜಾಗವನ್ನು ಹಿಂದೆ ಹಿರಣ್ಯಕಶಿಪುವಿನ ಸಲುವಾಗಿ ದೇವರು ಹುಡುಕಿದ್ದ, ಹೊಸ್ತಿಲು ಸಿಕ್ಕಿತ್ತು. ನಮ್ಮ ಹೊಸ್ತಿಲ ಮೇಲೆ ದಿನಕ್ಕೆ ನೂರು ಸಲ ಕಾಲು ಬೀಳುತ್ತದೆ. ಹಾಗಾಗಿ ತತ್ತಿಗಳು ಆ ಹೊತ್ತಿಗೆ ನನ್ನ ಅಂಗೈಯಲ್ಲೇ ಉಳಿದವು.

ಹಲ್ಲಿಯ ಜೊತೆ ನಮ್ಮ ಮಂದಿಯ ಸಂಬಂಧ ಮೊದಲಿನಿಂದಲೂ ಹೀಗೇ ಗೊಂದಲದ್ದು. ಯಾರಾದರೂ ಮಾತಾಡುವಾಗ ಹಲ್ಲಿ ಲೊಚಗುಟ್ಟಿದರೆ ಆ ಮಾತು ಖರೆ ಎಂದು ನೆಲ ಕುಟ್ಟಿ “ಕೃಷ್ಣ ಕೃಷ್ಣ” ಅನ್ನುತ್ತೇವೆ. ಕೋರ್ಟಿನಲ್ಲಿ ವಕೀಲರಿಗೂ ಸಿಗದ ಮರ್ಯಾದೆ ಅದು. ಅದೇ ಹಲ್ಲಿ ಮೈಮೇಲೆ ಬಿದ್ದರೆ ಓಡಿಹೋಗಿ ಪಂಚಾಂಗ ತೆಗೆಯುತ್ತೇವೆ. ತಲೆಗೆ ಬಿದ್ದರೆ ಏನು, ಭುಜಕ್ಕೆ ಬಿದ್ದರೆ ಏನು, ಗಂಡಸಿಗೆ ಯಾವ ಕಡೆ, ಹೆಂಗಸಿಗೆ ಯಾವ ಕಡೆ, ಎಲ್ಲದಕ್ಕೂ ಫಲದ ಪಟ್ಟಿ ಅಲ್ಲಿರುತ್ತದೆ. ಕಂಚಿಯ ವರದರಾಜ ಪೆರುಮಾಳ್ ಗುಡಿಯ ಚಾವಣಿಯಲ್ಲಿರುವ ಬಂಗಾರದ ಹಲ್ಲಿ, ಬೆಳ್ಳಿಯ ಹಲ್ಲಿ ಮುಟ್ಟಿ ಬಂದವರ ಮೇಲೆ ಹಲ್ಲಿ ಬಿದ್ದರೆ ದೋಷವಿಲ್ಲ ಎನ್ನುತ್ತಾರೆ. ನನ್ನ ಹೆಂಡತಿ ಮುಟ್ಟಿ ಬಂದಿದ್ದಾಳೆ. ಆ ಹೊತ್ತು ನಾನು ಹೊರಗೆ ಚಪ್ಪಲಿ ಕಾಯುತ್ತಿದ್ದೆ. ಇಷ್ಟಾಗಿಯೂ ಹಲ್ಲಿಯ ತತ್ತಿ ಅಂಗೈ ಮೇಲೆ ಬಂದರೆ ಏನು ಫಲ ಎಂದು ಯಾವ ಪಂಚಾಂಗದವರೂ ಬರೆದಿಲ್ಲ.

ಆ ಫಲವನ್ನು ಅವತ್ತು ಬೆಳಗ್ಗೆಯೇ ಫೋನಿನಲ್ಲಿ ನನ್ನ ಮೊಮ್ಮಗ ಹೇಳಿದ. ಮಗಳ ಮನೆ ಅಮೆರಿಕದ ಟೆಕ್ಸಾಸಿನ ಆಸ್ಟಿನ್‌ನಲ್ಲಿ. ಮೊಮ್ಮಗನಿಗೆ ಹನ್ನೆರಡು ವರ್ಷ, ಅವನು ಸಾಕಿರುವುದು ಲೆಪರ್ಡ್ ಗೆಕೊ, ಅಂದರೆ ಚಿರತೆ ಹಲ್ಲಿ. ಹಳದಿ ಮೈ ತುಂಬ ಕರಿ ಚುಕ್ಕೆ, ಮೂಲಂಗಿಯಂಥ ದಪ್ಪ ಬಾಲ. ನಮ್ಮ ಹಲ್ಲಿಗೆ ಇಲ್ಲದ ರೆಪ್ಪೆ ಅದಕ್ಕಿದೆ, ಕಣ್ಣು ಮಿಟುಕಿಸುತ್ತದೆ. ನಮ್ಮ ಹಲ್ಲಿಗಿರುವ ಅಂಟು ಬೆರಳು ಅದಕ್ಕಿಲ್ಲ, ಗೋಡೆ ಹತ್ತಲಾರದು. ಗೋಡೆ ಹತ್ತದ ಹಲ್ಲಿಯನ್ನು ದುಡ್ಡು ಕೊಟ್ಟು ಕೊಂಡಿದ್ದಾರೆ ಎಂದು ನನ್ನ ಹೆಂಡತಿಗೆ ಇವತ್ತಿಗೂ ಒಳಗೊಳಗೇ ಸಂಕಟ. ಅವರ ವರಾಂಡದ ಗೋಡೆಯ ಮೇಲೆ ಪುಕ್ಕಟೆ ಹಲ್ಲಿಗಳು ಓಡಾಡುವುದನ್ನು ವಿಡಿಯೋದಲ್ಲಿ ಆಕೆಯೇ ಕಂಡುಹಿಡಿದಿದ್ದಳು.

ತಮಾಷೆ ಎಂದರೆ ಈ ಚಿರತೆ ಹಲ್ಲಿ ಅಮೆರಿಕದ್ದಲ್ಲವೇ ಅಲ್ಲ. ಅದರ ತವರು ಅಫ್ಘಾನಿಸ್ತಾನ, ಪಾಕಿಸ್ತಾನ ಮತ್ತು ನಮ್ಮ ದೇಶದ ವಾಯವ್ಯ ಮೂಲೆಯ ಕಲ್ಲುಗುಡ್ಡಗಳು. 1854ರಲ್ಲಿ ಅದಕ್ಕೆ ಶಾಸ್ತ್ರೀಯ ಹೆಸರಿಟ್ಟ ಎಡ್ವರ್ಡ್ ಬ್ಲೈತ್ ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಯ ಮ್ಯೂಸಿಯಂ ನೋಡಿಕೊಳ್ಳುತ್ತಿದ್ದವರು. ಅಲ್ಲಿಂದ ಅದರ ವಂಶ ಹೇಗೋ ಅಮೆರಿಕ ಸೇರಿ, ಏಸಿ ರೂಮು ಹಿಡಿದು, ಹೊತ್ತುಹೊತ್ತಿಗೆ ಕ್ಯಾಲ್ಸಿಯಂ ಪುಡಿ ಸವರಿದ ಮಿಡತೆ ತಿಂದುಕೊಂಡು ಬದುಕುತ್ತಿದೆ. ನಮ್ಮ ಅಳಿಯನ ಕತೆಯೂ ಹೆಚ್ಚುಕಡಿಮೆ ಇದೇ. ಮಿಡತೆಯೊಂದು ಬಿಟ್ಟು.

“ಮುತ್ಯಾ! ನಂದೂ ಎರಡು ಎಗ್ ಇಟ್ಟದ!” ಎಂದು ಕೂಗಿದ ಹುಡುಗ. ಅವನ ಹೆಣ್ಣು ಹಲ್ಲಿ ಅದೇ ವಾರ ಮೊದಲ ಸಲ ತತ್ತಿ ಇಟ್ಟಿತ್ತು. ಎರಡು ಖಂಡಗಳಲ್ಲಿ ಒಂದೇ ವಾರ, ಎರಡೆರಡು ತತ್ತಿ. ಬಹುತೇಕ ಹಲ್ಲಿಗಳು ಒಂದು ಸಲಕ್ಕೆ ಎರಡೇ ಇಡುವುದು ಎಂದು ವಿಜ್ಞಾನ ಮಾಸ್ತರನಾಗಿ ನನಗೆ ಗೊತ್ತಿರಬೇಕಿತ್ತು. ಆದರೆ ಸರೀಸೃಪಗಳ ಪಾಠವನ್ನು ನಾನು ಪ್ರತಿ ವರ್ಷ ಎರಡೇ ಪೀರಿಯಡಿನಲ್ಲಿ ಮುಗಿಸುತ್ತಿದ್ದೆ, ಅದರಲ್ಲಿ ಒಂದು ಪೀರಿಯಡ್ ಹಾವಿನ ಕತೆಗೆ ಹೋಗುತ್ತಿತ್ತು. ಹಾಗಾಗಿ ನಿವೃತ್ತಿಯ ನಂತರ ಹನ್ನೆರಡು ವರ್ಷದ ಮಾಸ್ತರರ ಕೈಕೆಳಗೆ ನನ್ನ ಕಲಿಕೆ ಶುರುವಾಯಿತು.

ಮೊದಲ ಪಾಠ: ತತ್ತಿಯ ಮೇಲ್ಭಾಗಕ್ಕೆ ಪೆನ್ಸಿಲಿನಿಂದ ಒಂದು ಚುಕ್ಕೆ ಇಡಬೇಕು. ಮುಂದೆ ಆ ಚುಕ್ಕೆ ಸದಾ ಆಕಾಶ ನೋಡುತ್ತಿರಬೇಕು. ಕೋಳಿ ತತ್ತಿಯನ್ನು ದಿನಕ್ಕೆ ನಾಲ್ಕಾರು ಸಲ ತಿರುಗಿಸದಿದ್ದರೆ ಭ್ರೂಣ ಚಿಪ್ಪಿನ ಒಳಪೊರೆಗೆ ಅಂಟಿ ಕೆಡುತ್ತದೆ. ಹಲ್ಲಿಯದು ಉಲ್ಟಾ. ಅದರ ಭ್ರೂಣ ಮೇಲುಗಡೆ ಅಂಟಿಕೊಂಡೇ ಬೆಳೆಯಬೇಕು. ತಿರುಗಿಸಿದರೆ ಅದು ಕೆಳಗಾಗಿ, ಅದರ ಊಟವೇ ಅದರ ಮೇಲೆ ಬಿದ್ದು ಉಸಿರುಕಟ್ಟುತ್ತದೆ. ನನ್ನ ಅಂಗೈಯಲ್ಲಿ ಅಷ್ಟು ಹೊತ್ತಿಗೆ ಎರಡೂ ಎಷ್ಟು ಸಲ ಉರುಳಿದ್ದವೋ ಆ ಕೃಷ್ಣನಿಗೇ ಗೊತ್ತು. ಅದನ್ನು ಮೊಮ್ಮಗನಿಗೆ ಹೇಳಲಿಲ್ಲ. ಅಂದಾಜಿನ ಮೇಲೆ ಚುಕ್ಕೆ ಇಟ್ಟೆ. ಮೂವತ್ತೊಂದು ವರ್ಷ ಉತ್ತರ ಪತ್ರಿಕೆ ತಿದ್ದಿದ ಕೈ, ಅಂದಾಜಿಗೇನು ಕೊರತೆ?

ಎರಡನೆಯ ಪಾಠ ಹಾಸಿಗೆಯದು. ಅವನ ಹಲ್ಲಿಯ ತತ್ತಿ ಖರ್ಜೂರದಷ್ಟು ಉದ್ದ, ಮೆತ್ತನೆಯ ಚಕ್ಕಳದಂಥದ್ದು. ಸುತ್ತಲಿನ ತೇವ ಹೀರಿಕೊಂಡು ದಿನೇದಿನೇ ಉಬ್ಬುತ್ತದೆ. ಅದಕ್ಕೆ ವರ್ಮಿಕ್ಯುಲೈಟ್ ಎಂಬ ಖನಿಜದ ಹಗುರ ಪದರು ಬೇಕು, ನೀರು ಬೆರೆಸಿ ಹಿಂಡಿದರೆ ಹನಿ ಬೀಳಬಾರದು, ಕೈಗೆ ಮಾತ್ರ ತೇವ ಹತ್ತಬೇಕು. ಹುಡುಗ ಇಷ್ಟನ್ನೂ ಅರ್ಧ ಇಂಗ್ಲಿಷಿನಲ್ಲಿ ವಿವರಿಸಿ ಮುಗಿಸುವಷ್ಟರಲ್ಲಿ ಹಿಂದಿನಿಂದ ನನ್ನ ಹೆಂಡತಿ, “ಸುಸಲಾಕ್ಕ ಚುರಮುರಿ ಹಿಂಡದಂಗ ಅನ್ನು, ತಿಳೀತದ” ಎಂದಳು. ತಿಳಿಯಿತು.

ನಮ್ಮ ಮನೆ ಹಲ್ಲಿಯ ತತ್ತಿಗೆ ಅಷ್ಟು ಉಪಚಾರ ಬೇಕಿಲ್ಲ. ಇಡುವಾಗ ಮೆತ್ತಗಿದ್ದದ್ದು ಗಾಳಿ ತಾಕಿದ ಸ್ವಲ್ಪ ಹೊತ್ತಿಗೇ ಸುಣ್ಣದ ಚಿಪ್ಪಾಗಿ ಗಟ್ಟಿಯಾಗುತ್ತದೆ. ಆ ಸುಣ್ಣವನ್ನು ಹೆಣ್ಣು ಹಲ್ಲಿ ಕುತ್ತಿಗೆಯ ಎರಡು ಬದಿಯ ಚೀಲಗಳಲ್ಲಿ ಮೊದಲೇ ಕೂಡಿಟ್ಟುಕೊಂಡಿರುತ್ತದೆ. ಇದನ್ನು ಓದಿದಾಗ ನನಗೆ ನಮ್ಮ ಹಲ್ಲಿಯ ಮೇಲೆ ಊರಿನ ಅಭಿಮಾನ ಹುಟ್ಟಿತು. ವಾಡಿ, ಶಹಾಬಾದ, ಮಳಖೇಡ, ಸೇಡಂ ಎಂದು ಸಾಲಾಗಿ ಸಿಮೆಂಟ್ ಫ್ಯಾಕ್ಟರಿ ಎದ್ದು ನಿಂತಿರುವ ಸೀಮೆ ನಮ್ಮದು. ಭೀಮಾ ತೀರದ ಸುಣ್ಣಗಲ್ಲು ತಿಂದೇ ಎಲ್ಲರ ಒಲೆ ಉರಿಯುವುದು. ನಮ್ಮ ಗೋಡೆಯ ಹಲ್ಲಿಯೂ ಕುತ್ತಿಗೆಯಲ್ಲಿ ಸುಣ್ಣದ ಚೀಲ ಕಟ್ಟಿಕೊಂಡು ಅದೇ ಧಂಧೆಯಲ್ಲಿದೆ.

ಮೂರನೆಯ ಪಾಠ ಉಷ್ಣತೆಯದು, ನಾನು ಹೈರಾಣಾದದ್ದು ಅಲ್ಲೇ. ಜಗತ್ತಿನಲ್ಲೆಲ್ಲ ತತ್ತಿಗೆ ಕಾವು ಕೊಡುವುದು ಎಂದರೆ ಬಿಸಿ ಮಾಡುವುದು. ಮೊಮ್ಮಗನ ಇನ್‌ಕ್ಯುಬೇಟರ್ ಹೊರಗೆ ಥಂಡಿ ಇದ್ದರೂ ಒಳಗೆ 27 ಡಿಗ್ರಿ ಕಾಯ್ದುಕೊಳ್ಳುತ್ತಿತ್ತು. ನಮ್ಮ ನಡುಮನೆಯಲ್ಲಿ ಮಾರ್ಚ್ ಮುಗಿಯುವುದರೊಳಗೇ 38. ಇಲ್ಲಿ ಕಾವು ಕೊಡುವುದು ಎಂದರೆ ತಣ್ಣಗೆ ಮಾಡುವುದು. ಈ ಮಾತು ಅವನ ತಲೆಗೆ ಹೋಗಲಿಲ್ಲ. “ಮುತ್ಯಾ, ಹೀಟರ್ ಆನ್ ಮಾಡು” ಎನ್ನುತ್ತಿದ್ದ. ಕಲಬುರಗಿ ಜಿಲ್ಲೆಯಲ್ಲಿ ಏಪ್ರಿಲ್ ತಿಂಗಳು ಹೀಟರ್ ಕೇಳಲು ಅಂಗಡಿಗೆ ಹೋದವನನ್ನು ಅವರು ಸೀದಾ ಆಸ್ಪತ್ರೆಗೆ ಕಳಿಸುತ್ತಾರೆ.

ಮೊದಲು ಅಳೆಯಲು ಥರ್ಮಾಮೀಟರ್ ಬೇಕಿತ್ತು. ಮನೆಯಲ್ಲಿದ್ದದ್ದು ಜ್ವರದ್ದು, ಅದರ ಲೆಕ್ಕವೇ 35ರಿಂದ ಶುರು. ಶಹಾಬಾದಕ್ಕೆ ಹೋಗಿ ಇಲೆಕ್ಟ್ರಾನಿಕ್ ಸಾಮಾನಿನ ಅಂಗಡಿಯಲ್ಲಿ ಅಂಕಿ ತೋರಿಸುವ ಒಂದನ್ನು ಕೇಳಿದೆ. ಡಬ್ಬಿಯಿಂದ ತೆಗೆದ ಕೂಡಲೇ ಅದು 43.6 ತೋರಿಸಿತು. ಕೆಟ್ಟಿದೆ, ಬೇರೆ ಕೊಡಿ ಎಂದೆ. ಅಂಗಡಿಯಾತ ಗಲ್ಲಾದಿಂದ ತಲೆ ಎತ್ತದೆ, “ಮಾಲ್ ಛಲೋ ಅದ್ರಿ ಸರ್, ಊರೇ ಹಂಗದ” ಎಂದ.

ಆಮೇಲೆ ಥರ್ಮಾಕೋಲ್ ಪೆಟ್ಟಿಗೆ. ಔಷಧಿ ಅಂಗಡಿಗೆ ಮಾಲು ಬರುವ ಅಂಥ ಪೆಟ್ಟಿಗೆಯೊಂದು ಚಿತ್ತಾಪುರದಲ್ಲಿ ಸಿಕ್ಕಿತು. ಪೆಟ್ಟಿಗೆ ತರಲು ಹೋದವನು ಹಾಗೇ ಪಕ್ಕದ ನಾಗಾವಿಗೂ ಹೋಗಿ ಬಂದೆ. ಹಿಂದೆ ಅಲ್ಲಿ ದೊಡ್ಡ ಘಟಿಕಾಸ್ಥಾನವಿತ್ತು. ಅಲ್ಲಿನ 1058ರ ಶಾಸನದಲ್ಲಿ ನೂರಾರು ವಿದ್ಯಾರ್ಥಿಗಳ ಜೊತೆಗೆ ಆರು ಮಂದಿ ಸರಸ್ವತೀ ಭಂಡಾರಿಗಳ, ಅಂದರೆ ಗ್ರಂಥಪಾಲಕರ, ಲೆಕ್ಕವೂ ಇದೆ. ಆ ಪಾಳು ಕಲ್ಲುಕಂಬಗಳ ನಡುವೆ ಪೆಟ್ಟಿಗೆ ಬಗಲಲ್ಲಿಟ್ಟುಕೊಂಡು ನಿಂತಾಗ ಅನ್ನಿಸಿತು: ಓಲೆಗರಿಯ ಕಟ್ಟುಗಳ ಸಂದಿಗಿಂತ ಹಲ್ಲಿಗೆ ಒಳ್ಳೆಯ ಬಾಣಂತಿ ಕೋಣೆ ಎಲ್ಲಿ ಸಿಕ್ಕೀತು? ಆರು ಮಂದಿಯಲ್ಲಿ ಒಬ್ಬರಾದರೂ ಓಲೆ ಬಿಚ್ಚಿ, ಎರಡು ತತ್ತಿ ಕಂಡು, ಮುಚ್ಚಿಟ್ಟು, ಶಿಷ್ಯರಿಗೆ “ಆ ಗ್ರಂಥ ನಾಡಿದ್ದು ಬಾ” ಎಂದು ಹೇಳಿ ಕಳಿಸಿರಲೇಬೇಕು.

ಪೆಟ್ಟಿಗೆಯೇನೋ ಬಂತು. ಬಿಸಿ ಮನೆಯೊಳಗೆ ಇಟ್ಟ ಥರ್ಮಾಕೋಲ್ ಪೆಟ್ಟಿಗೆ ಸ್ವಲ್ಪ ತಡವಾಗಿ ಬಿಸಿಯಾಗುತ್ತದೆ, ಅಷ್ಟೇ. ಐಸ್ ಇಟ್ಟೆ, 21ಕ್ಕೆ ಇಳಿಯಿತು. ತೆಗೆದೆ, 39ಕ್ಕೆ ಏರಿತು. ರಾತ್ರಿ ಎರಡು ಗಂಟೆಗೆ ಎದ್ದು ಐಸ್ ಬದಲಿಸುವ ನನ್ನನ್ನು ನೋಡಿ ಹೆಂಡತಿ, “ಮಗಳು ಹುಟ್ಟಿದಾಗ ಒಂದು ರಾತ್ರಿನೂ ಎದ್ದಿದ್ದಿಲ್ಲ ನೀವು” ಎಂದಳು. ಕೂಲರಿನ ಸದ್ದಿಗೆ ಕೇಳಿಸಲಿಲ್ಲ ಎನ್ನುವ ಹಾಗೆ ಮಲಗಿದೆ. ಅಷ್ಟರಲ್ಲಿ ಕರೆಂಟ್ ಹೋಗಿತ್ತು.

ಈ ನಡುವೆ ಸೇಡಂನಲ್ಲಿ ಸೋದರತ್ತೆಯ ಮೊಮ್ಮಗಳ ಮದುವೆ. ಎರಡು ದಿನ ಮನೆಗೆ ಬೀಗ. ತತ್ತಿಗಳನ್ನು ಯಾರ ಸುಪರ್ದಿಗೆ ಬಿಡುವುದು? ಸ್ಟೀಲ್ ಡಬ್ಬಿಯ ತಳಕ್ಕೆ ಕಾಗಿಣಾ ಹೊಳೆಯ ಮರಳು ಹಾಕಿ, ಅದರಲ್ಲಿ ಎರಡು ಗುಳಿ ತೋಡಿ, ಚುಕ್ಕೆ ಮೇಲಾಗಿ ಕೂರಿಸಿ, ಒದ್ದೆ ಟವೆಲ್ ಸುತ್ತಿ ಪ್ಯಾಸೆಂಜರ್ ಗಾಡಿ ಹತ್ತಿದೆ. ಡಬ್ಬಿ ಅಲುಗಾಡಬಾರದೆಂದು ಎರಡು ಕೈಯಲ್ಲಿ ಹಿಡಿದು, ಅಭಿಷೇಕದ ನೀರು ಒಯ್ಯುವವನಂತೆ ನಿಂತಿದ್ದೆ. ನಿಲ್ಲಲೂ ಜಾಗವಿಲ್ಲದ ಗದ್ದಲ.

ಸೀಟಿನ ತುದಿಯಲ್ಲಿ ಕೂತಿದ್ದ ಹಿರಿಯರೊಬ್ಬರು ಕೇಳಿದರು: “ಏನದರಿ ಡಬ್ಬ್ಯಾಗ?”

“ತತ್ತಿ.”

“ಊರ ಕೋಳೀದೇನ್ರಿ?”

“ಅಲ್ರಿ, ಹಲ್ಲೀದು.”

ನಾನು ಸುಳ್ಳು ಹೇಳಬಹುದಿತ್ತು. ಹೇಳದಿದ್ದುದರಿಂದ ಒಳ್ಳೆಯದೇ ಆಯಿತು. ಎದುರಿನ ಸೀಟು ಮೊದಲು ಖಾಲಿಯಾಯಿತು, ಆಮೇಲೆ ಈ ಕಡೆಯದು. ಚಿತ್ತಾಪುರ ಬರುವಷ್ಟರಲ್ಲಿ ನಾನು, ನನ್ನ ಹೆಂಡತಿ, ಡಬ್ಬಿ, ಮೂವರೂ ಕಿಟಕಿ ಪಕ್ಕ ಕಾಲು ಚಾಚಿ ಕೂತಿದ್ದೆವು. ಆಕೆ ಮಾತ್ರ ನನ್ನ ಪರಿಚಯವೇ ಇಲ್ಲದವಳಂತೆ ಹೊರಗೆ ನೋಡುತ್ತಿದ್ದಳು. ಮಳಖೇಡ ರೋಡ್ ಸ್ಟೇಷನ್ನಿನಲ್ಲಿ ಗಾಡಿ ನಿಂತಿತು, ಬೆಂಕಿಯಂಥ ಗಾಳಿ ಒಳಗೆ ಬಂತು. ರಾಷ್ಟ್ರಕೂಟರ ಮಾನ್ಯಖೇಟ ಇದೇ. ಇಲ್ಲಿಂದ ಆಳಿದ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲೇ 9ನೆಯ ಶತಮಾನದಲ್ಲಿ ಶ್ರೀವಿಜಯ ‘ಕವಿರಾಜಮಾರ್ಗ’ ಬರೆದದ್ದು. ಕನ್ನಡದಲ್ಲಿ ಸಿಕ್ಕಿರುವ ಅತಿ ಹಳೆಯ ಗ್ರಂಥ ಚಿಪ್ಪೊಡೆದು ಹೊರಬಂದದ್ದು ಈ ಝಳದಲ್ಲೇ, ಕೂಲರಿಲ್ಲದೆ. ನಾನು ಟವೆಲ್ಲಿಗೆ ಇನ್ನಷ್ಟು ನೀರು ಚಿಮುಕಿಸಿದೆ.

ಮದುವೆ ಮನೆಯಲ್ಲಿ ನವದಂಪತಿಗಿಂತ ಹೆಚ್ಚು ಜನ ಡಬ್ಬಿ ನೋಡಲು ಬಂದರು. ಅಲ್ಲೇ ನಾನು ಮೊಮ್ಮಗನಿಂದ ಕಲಿತ ನಾಲ್ಕನೆಯ ಪಾಠ ಒಪ್ಪಿಸಿದ್ದು. ಚಿರತೆ ಹಲ್ಲಿಯಲ್ಲಿ ಗಂಡೋ ಹೆಣ್ಣೋ ಎನ್ನುವುದನ್ನು ತಂದೆತಾಯಿ ನಿರ್ಧರಿಸುವುದಿಲ್ಲ, ತತ್ತಿಗೆ ಬಿದ್ದ ಕಾವು ನಿರ್ಧರಿಸುತ್ತದೆ. 26, 27 ಡಿಗ್ರಿಯಲ್ಲಿಟ್ಟರೆ ಹೆಚ್ಚುಕಡಿಮೆ ಎಲ್ಲ ಹೆಣ್ಣು. 32ರ ಆಚೀಚೆ ಬಹುಪಾಲು ಗಂಡು. 34 ದಾಟಿತೋ, ಮತ್ತೆ ಹೆಣ್ಣಿನದೇ ಪಾರುಪತ್ಯ. ಇನ್ನೂ ಏರಿದರೆ ಯಾವುದೂ ಇಲ್ಲ. ಇಂಥದ್ದೊಂದು ಇದೆ ಎಂದು ಜಗತ್ತಿಗೆ ಮೊದಲು ತೋರಿಸಿದ್ದು 1966ರಲ್ಲಿ, ಸೆನೆಗಲ್ ದೇಶದ ಡಕಾರ್‌ನಲ್ಲಿ ಓತಿಕ್ಯಾತದ ಒಂದು ಜಾತಿಯ ತತ್ತಿಗಳನ್ನು ಪರೀಕ್ಷಿಸಿದ ಮದಲೀನ್ ಶಾರ್ನಿಯೇ ಎಂಬ ವಿಜ್ಞಾನಿ. ಮೊಮ್ಮಗನಿಗೆ ಹೆಣ್ಣೇ ಬೇಕಿತ್ತು. ಎರಡು ಗಂಡು ಹಲ್ಲಿ ಒಂದೇ ಪೆಟ್ಟಿಗೆಯಲ್ಲಿದ್ದರೆ ಬಾಲ ಹರಿಯುವ ತನಕ ಕಾದಾಡುತ್ತವೆ. ಅದಕ್ಕೇ ಅವನ ಮಿಷನ್ನಿನ ಮುಳ್ಳು 27ಕ್ಕೆ.

ಮೂಲೆಯ ಮಂಚದ ಮೇಲೆ ಕೂತಿದ್ದ ಸೋದರತ್ತೆಗೆ ಎಂಬತ್ತನಾಲ್ಕು. ಸೇಡಂಗೆ ಸೊಸೆಯಾಗಿ ಬಂದು ಐದು ಹೆಣ್ಣು ಹೆತ್ತವರು. ಕಿವಿಯ ಹಿಂದೆ ಕೈ ಇಟ್ಟು ಪೂರ್ತಿ ಕೇಳಿದರು. ಆಮೇಲೆ ನನ್ನನ್ನು ಹತ್ತಿರ ಕರೆದು,

“ಇನ್ನೊಂದ್ ಸರ್ತಿ ಹೇಳಪಾ. ಮೂವತ್ನಾಲ್ಕರ ಮ್ಯಾಲ ಹೋದ್ರ ಹೆಣ್ಣು?”

“ಹೌದ್ರಿ ಅತ್ತಿ. ಹಲ್ಲ್ಯಾಗ ಮಾತ್ರ.”

‘ಹಲ್ಲ್ಯಾಗ ಮಾತ್ರ’ ಅವರಿಗೆ ಬೇಕಿರಲಿಲ್ಲ. “ಸೇಡಂದಾಗ ನಲವತ್ತಮೂರು ಇರ್ತದ. ನಮ್ಮತ್ತಿ ಸಾಯೋ ತನಕಾ ನನಗ ಬೈದ್ಳು ನೋಡು. ಈ ಮಾತು ಅವಾಗ ಯಾರರೆ ಹೇಳಿದ್ರ, ನಂದೇನದ, ನಿಮ್ಮೂರ ಬಿಸಲು ಅಂತಿದ್ದೆ.” ಸುತ್ತ ಇದ್ದ ಐದೂ ಹೆಣ್ಣುಮಕ್ಕಳು ನಕ್ಕರು. ಅತ್ತೆ ನಗಲಿಲ್ಲ. ಗೋಡೆಯ ಮೇಲೆ ಹಾರ ಹಾಕಿದ್ದ ಫೋಟೋ ಕಡೆ ಒಮ್ಮೆ ನೋಡಿ, ಎಲೆಯಡಿಕೆ ಕುಟ್ಟಲು ಶುರು ಮಾಡಿದರು. ಆ ಕುಟ್ಟುವ ಸದ್ದು ಅವತ್ತು ಸ್ವಲ್ಪ ಜೋರಾಗಿಯೇ ಇತ್ತು. ಮನುಷ್ಯರಲ್ಲಿ ಅದು ಗಂಡಿನ ಕಡೆಯಿಂದ ಬರುವ ಕ್ರೋಮೊಸೋಮಿನ ಕೆಲಸ ಎಂದು ಹತ್ತನೆಯ ಇಯತ್ತೆಯ ಪಾಠ ಹೇಳಲು ಬಾಯಿ ತೆರೆದವನು, ಮುಚ್ಚಿದೆ. ಫೋಟೋದವರಿಗೆ ಅದನ್ನು ಯಾರು ಹೇಳಬೇಕು?

ಮರುದಿನ ಯಾವನೋ ತುಂಟ ನನ್ನ ಡಬ್ಬಿಯ ಮೇಲೆ ಚೀಟಿ ಅಂಟಿಸಿದ್ದ: ‘ಇಲ್ಲಿ ಲಿಂಗ ಪತ್ತೆ ಮಾಡಲಾಗುವುದಿಲ್ಲ. ಅದು ಶಿಕ್ಷಾರ್ಹ ಅಪರಾಧ.’

ಮದುವೆಗೆ ಚಿಂಚೋಳಿಯಿಂದ ಬಂದಿದ್ದ ನನ್ನ ಹೆಂಡತಿಯ ತಮ್ಮನಿಗೆ ಇದರಲ್ಲಿ ತಮಾಷೆ ಕಾಣಿಸಲಿಲ್ಲ. ಅವರ ಹೊಲದಾಚೆಯಿಂದಲೇ ಕಾಡು ಶುರು. 2011ರಲ್ಲಿ ಚಿಂಚೋಳಿ ವನ್ಯಜೀವಿ ಧಾಮ ಆದಮೇಲೆ ಅವನು ತನ್ನನ್ನು ಅರ್ಧ ಅರಣ್ಯಾಧಿಕಾರಿ ಎಂದೇ ತಿಳಿದಿದ್ದಾನೆ. “ಮಾಮಾ, ಆ ಹುಡುಗ ಊರಿಗಿ ಬರೂಮುಂದ ಅದನ್ನ ಕಿಸೇದಾಗ ಹಾಕ್ಕೊಂಡು ಬರಬಾರದು ಅಂತ ಹೇಳ್ರಿ. ಇಲ್ಲಿ 1972ರ ಕಾಯ್ದಿ ಅದ. ಕಾಡಿನ ಜೀವ ಹಿಡದು ಸಾಕಿದ್ರ ಒಳಗ ಹಾಕ್ತಾರ. ನೀವೂ ಹಲ್ಲಿ ಗಿಲ್ಲಿ ಸಾಕಬ್ಯಾಡ್ರಿ.”

“ನಾವೆಲ್ಲಿ ಸಾಕೀವೋ, ನಮ್ಮ ಮನ್ಯಾಗ ಹಲ್ಲಿನೇ ನಮ್ಮನ್ನ ಸಾಕ್ಯದ” ಎಂದಳು ಅವನಕ್ಕ. ರೈಲಿನಲ್ಲಿ ನನ್ನ ಪರಿಚಯವಿಲ್ಲದವಳು ಈಗ ನನ್ನ ಕಡೆ ನಿಂತಿದ್ದಳು. ಕಾರಣ ಇತ್ತು. ಹಿಂದಿನ ರಾತ್ರಿ ಕತ್ತಲಲ್ಲಿ ಮೊಬೈಲಿನ ಟಾರ್ಚನ್ನು ತತ್ತಿಗೆ ಒತ್ತಿ ಹಿಡಿದು ತೋರಿಸಿದ್ದೆ. ಚಿಪ್ಪು ಕೆಂಪಗೆ ಬೆಳಗಿ, ಒಳಗೆ ನವಿರಾದ ನರಗಳು, ನಡುವೆ ಒಂದು ಕರಿ ಚುಕ್ಕೆ. ಕಣ್ಣು. ಆಕೆ ಬಹಳ ಹೊತ್ತು ನೋಡಿ, ದನಿ ತಗ್ಗಿಸಿ, “ಸಾಕ್ ಬಿಡ್ರಿ, ಬೆಳಕು ಚುಚ್ಚತದ ಅದಕ್ಕ” ಎಂದಿದ್ದಳು.

ಊರಿಗೆ ಮರಳಿದ ಮೇಲೆ ಉಸ್ತುವಾರಿ ಆಕೆಯದೇ ಆಯಿತು. ಥರ್ಮಾಕೋಲನ್ನು ಒಂದೇ ಮಾತಿನಲ್ಲಿ ಹೊರಗೆ ಹಾಕಿದಳು. ಅಡುಗೆಮನೆ ಮೂಲೆಯಲ್ಲಿ ನೀರಿನ ಹರವಿ ಇದೆ. ಅದರ ಬುಡದ ಶಹಾಬಾದಿ ಫರ್ಸಿ ಇಡೀ ಬೇಸಿಗೆ ಜಿನುಗಿನಲ್ಲಿ ಒದ್ದೆಯಾಗಿ, ತಣ್ಣಗೆ ಇರುತ್ತದೆ. ಡಬ್ಬಿಯನ್ನು ಅದರ ಪಕ್ಕ ಇಟ್ಟು, ಸಡಿಲಾಗಿ ಮುಚ್ಚಿ, “ಈಗ ನೋಡ್ರಿ ನಿಮ್ಮ ಮಿಷನ್” ಎಂದಳು. ಒಂದು ಗಂಟೆ ಬಿಟ್ಟು ನೋಡಿದೆ: 30. ಮಧ್ಯಾಹ್ನ ಮೂರಕ್ಕೆ 31. ಬೆಳಗಿನ ಜಾವ 29. ಹೊರಗೆ 44 ಇದ್ದ ದಿನವೂ ಅದು 32 ದಾಟಲಿಲ್ಲ. ಮೊಮ್ಮಗನಿಗೆ ಅಂಕಿಗಳನ್ನು ಕಳಿಸಿದಾಗ “ವಿಚ್ ಬ್ರ್ಯಾಂಡ್, ಮುತ್ಯಾ?” ಎಂದು ಕೇಳಿದ. ಕುಂಬಾರರದು ಎಂದೆ.

ಪೆಟ್ಟು ಬಿದ್ದದ್ದು ಬೇರೆ ಕಡೆಯಿಂದ. ಪಕ್ಕದ ಮನೆಯ ಖಾಲಾ ನಮ್ಮ ಓಣಿಯ ಕೋಳಿ ಶಾಸ್ತ್ರದ ಕೊನೆಯ ಮಾತು. ನೀರಿನಲ್ಲಿ ತೇಲಿಸಿ ಕೆಟ್ಟ ತತ್ತಿ ಹೇಳುತ್ತಾರೆ, ಕೋಳಿಯನ್ನು ಬೆಸ ಲೆಕ್ಕದ ತತ್ತಿಗೇ ಕೂಡಿಸುತ್ತಾರೆ, ಇಪ್ಪತ್ತೊಂದನೆಯ ದಿನ ಬೆಳಗ್ಗೆ ಮರಿಯ ದನಿ ಹೊರಗೇ ಕೇಳಿಸಿಕೊಳ್ಳುತ್ತಾರೆ. ಒಂದು ದಿನ ಡಬ್ಬಿ ತೆಗೆದರೆ ಎರಡೂ ಚುಕ್ಕೆ ಕಾಣಿಸಲಿಲ್ಲ. ಮಗುಚಿ ಕೂತಿದ್ದವು. ನಾನು ಇಲಿ ಎಂದೆ, ಹೆಂಡತಿ ನನ್ನನ್ನೇ ಅಂದಳು. ಅಷ್ಟರಲ್ಲಿ ಹರವಿಯ ನೀರಿಗೆ ಬಂದ ಖಾಲಾ ಸಹಜವಾಗಿ ಡಬ್ಬಿಗೆ ಕೈ ಹಾಕಿ, ಎರಡೂ ತತ್ತಿಯನ್ನು ಮಮತೆಯಿಂದ ಇನ್ನೊಂದು ಮಗ್ಗುಲಿಗೆ ಹೊರಳಿಸಿದರು.

“ಖಾಲಾ!”

“ಯಾಕ್ ಭಾಯ್? ಹತ್ತು ದಿವ್ಸ ಆಯ್ತು, ದಿನಾ ನಾನೇ ತಿರುಗಿಸ್ಲತ್ತೀನಿ. ನೀವು ಓದಿದವ್ರು, ಮರೀತೀರಿ.”

ಅವರಿಗೆ ಏನು ಹೇಳುವುದು? ನಲವತ್ತು ವರ್ಷದಲ್ಲಿ ನೂರಾರು ಮರಿ ಮಾಡಿಸಿದ ಕೈ ಅದು. ನಾನು ಕೂಡಿಸಿದ್ದು ಮೊದಲ ಸಲ, ಅದೂ ಎರಡು. ವಿಷಯ ತಿಳಿದ ಮೊಮ್ಮಗ ಆ ಕಡೆಯಿಂದ ಮಾತೇ ಆಡಲಿಲ್ಲ. ಟಾರ್ಚ್ ಹಿಡಿಯುವ ಧೈರ್ಯ ನಮಗೂ ಬರಲಿಲ್ಲ. ತತ್ತಿ ಇಟ್ಟು ಹೋದ ತಾಯಿ ಮಾತ್ರ ಟ್ಯೂಬ್‌ಲೈಟಿನ ಹಿಂದೆ ಕೂತು ಹುಳ ಹಿಡಿಯುತ್ತಾ ಈ ಪಂಚಾಯಿತಿಯನ್ನು ನೋಡುತ್ತಿತ್ತು. ಹಲ್ಲಿಗಳು ತತ್ತಿ ಇಟ್ಟ ಮೇಲೆ ಆ ಕಡೆ ತಿರುಗಿ ನೋಡುವುದಿಲ್ಲ. ಕೋಟ್ಯಂತರ ವರ್ಷದಿಂದ ಹೀಗೇ ಸಂಸಾರ ನಡೆದಿದೆ.

ನಾಲ್ಕು ದಿನ ಬಿಟ್ಟು ಬೆಳಗಿನ ಒಂಬತ್ತಕ್ಕೆ ಫೋನು. ಆಸ್ಟಿನ್‌ನಲ್ಲಿ ಹಿಂದಿನ ರಾತ್ರಿ ಹತ್ತೂವರೆ. ಬಿರುಗಾಳಿ ಮಳೆಗೆ ಅವರ ಕಡೆ ಕರೆಂಟ್ ಹೋಗಿದೆ, ಮಿಷನ್ ನಿಂತಿದೆ, ಒಳಗಿನ ಅಂಕಿ ಇಳಿಯುತ್ತಿದೆ, ಹುಡುಗ ಅಳುತ್ತಿದ್ದಾನೆ. ಮಗಳು ಅಳಿಯ ಇಬ್ಬರೂ ಮೊಬೈಲ್ ಬೆಳಕಿನಲ್ಲಿ ಮಿಷನ್ನಿನ ಕೈಪಿಡಿ ಓದುತ್ತಿದ್ದರು. ಕರೆಂಟ್ ಹೋದಾಗ ಏನು ಮಾಡಬೇಕು ಎನ್ನುವ ವಿದ್ಯೆಯಲ್ಲಿ ನಮ್ಮನ್ನು ಮೀರಿಸಿದವರು ಯಾರಿದ್ದಾರೆ? ಹೆಂಡತಿ ಫೋನು ಕಸಿದುಕೊಂಡಳು.

“ಅಳಬ್ಯಾಡೋ ಕೂಸೇ. ನಾ ಕಳಿಸಿದ ಕೌದಿ ಎಲ್ಲದ? ತಗೀ ಅಂತ ನಿಮ್ಮವ್ವಗ ಹೇಳು. ಗ್ಯಾಸಿನ ಮ್ಯಾಲ ನೀರು ಕಾಸಿ ಎರಡು ಬಾಟ್ಲ್ಯಾಗ ತುಂಬು. ಬಾಳ ಸುಡಬಾರದು, ಕೂಸಿಗಿ ಎರೆಯೋವಷ್ಟ ಬೆಚ್ಚಗ. ಡಬ್ಬಿ ಬಾಜೂಕ ಇಟ್ಟು ಕೌದಿ ಹೊಚ್ಚಿ ಸುಮ್ ಮಲಕ್ಕೋ.”

ಹಳೆಯ ಇಳಕಲ್ ಸೀರೆಗಳನ್ನು ಪದರು ಹಾಕಿ ಹೊಲಿದ ಆ ಕೌದಿ ಮಗಳ ಸೂಟ್‌ಕೇಸಿನಲ್ಲಿ ಅಮೆರಿಕ ಸೇರಿ, ಅಲ್ಲಿ ಯಾವ ಸೋಫಾಕ್ಕೂ ಹೊಂದದೆ, ಬಟ್ಟೆಯ ಕಪಾಟಿನ ತಳದಲ್ಲಿ ಐದು ವರ್ಷ ಮಲಗಿತ್ತು. ಆರು ತಾಸು ಬಿಟ್ಟು ಕರೆಂಟ್ ಬಂದಾಗ ಮಿಷನ್ನಿನ ಒಳಗೆ 25 ಇತ್ತು. ಚಿರತೆ ಹಲ್ಲಿಯ ತತ್ತಿ ಅಷ್ಟು ಇಳಿತಕ್ಕೆ ಹೆದರುವಂಥದ್ದಲ್ಲ. ಅವತ್ತಿನಿಂದ ಆ ಮನೆಯಲ್ಲಿ ಕೌದಿಗೆ ಮಿಷನ್ನಿನ ಮೇಲೆ ಕಾಯಂ ಜಾಗ ಸಿಕ್ಕಿತು.

ಮೇ ತಿಂಗಳ ಮೊದಲ ವಾರ ಅವನ ಒಂದು ತತ್ತಿ ಹಳದಿಗೆ ತಿರುಗಿ, ಬೂಸು ಹಿಡಿದು ಕುಸಿಯಿತು. ಇನ್ನೊಂದು ಬೆವರಿತು, ತುಸು ಕುಗ್ಗಿತು, ಬ್ಲೇಡಿನಲ್ಲಿ ಗೀರಿದ ಹಾಗೆ ಸೀಳಿತು. ಹಲ್ಲಿ ಮರಿಯ ಮೂತಿಯ ತುದಿಗೆ ಚಿಪ್ಪು ಸೀಳಲೆಂದೇ ಒಂದು ಜೊತೆ ಪುಟ್ಟ ಹಲ್ಲು ಇರುತ್ತದೆ, ಕೆಲಸ ಮುಗಿದೊಡನೆ ಬಿದ್ದುಹೋಗುತ್ತದೆ. ವಿಡಿಯೋದಲ್ಲಿ ನಾವು ಮೂವರು ನೋಡಿದೆವು, ಖಾಲಾ ನಡುವೆ. ಹೊರಬಂದದ್ದಕ್ಕೆ ಚುಕ್ಕೆಯೇ ಇಲ್ಲ! ಮೈತುಂಬ ಹಳದಿ ಕರಿ ಅಡ್ಡಪಟ್ಟಿ. ಚುಕ್ಕೆ ಬರುವುದು ಬೆಳೆದ ಮೇಲೆ. “ಚಿರತಿ ಅಂದ್ರಿ, ಇದು ಹುಲಿ ಅದ” ಎಂದು ಖಾಲಾ ಆಕ್ಷೇಪಿಸಿದರು. ಹೆಣ್ಣೋ ಗಂಡೋ ತಿಳಿಯಲು ಇನ್ನೂ ಕೆಲವು ತಿಂಗಳು ಬೇಕು ಎಂದ ಹುಡುಗ. ಸೇಡಂನ ಅತ್ತೆ ವಾರಕ್ಕೊಮ್ಮೆ ಫೋನು ಹಚ್ಚಿಸಿ ಕೇಳುತ್ತಲೇ ಇದ್ದರು.

ಅವತ್ತು ರಾತ್ರಿ ನಮ್ಮ ಡಬ್ಬಿ ತೆಗೆದೆ. ಮರಳಿನ ಎರಡು ಗುಳಿಯಲ್ಲಿ ಎರಡು ಚಿಪ್ಪು, ಎರಡೂ ಖಾಲಿ. ಒಂದು ಪಕ್ಕ ಒಡೆದು ಸಣ್ಣ ತೂತು. ಎಂದು ಬಂದವೋ, ಎತ್ತ ಹೋದವೋ, ಸಡಿಲ ಮುಚ್ಚಳದ ಸಂದಿಯಿಂದ ಹೊರಟವರಿಗೆ ಹೇಳಿ ಹೋಗುವ ರೂಢಿ ಇರಲಿಲ್ಲ. ಎರಡೂವರೆ ತಿಂಗಳು ಕಾಯುತ್ತ ಕೂತ ನನಗೆ ಅವುಗಳ ಬಾಲದ ತುದಿಯೂ ಕಾಣಲಿಲ್ಲ. ಖಾಲಾ ಚಿಪ್ಪನ್ನು ಬೆಳಕಿಗೆ ಹಿಡಿದು ನೋಡಿ, “ತಿರುಗಿಸಿದ್ದಕ್ಕೇ ಆಯ್ತು ಭಾಯ್” ಎಂದು ನನ್ನ ಭುಜ ತಟ್ಟಿ ಹೋದರು. ವಿಜ್ಞಾನದ ಕಡೆಯಿಂದ ನನ್ನ ಬಳಿ ಉತ್ತರ ಇರಲಿಲ್ಲ. ಆಗಲೇ ಟ್ಯೂಬ್‌ಲೈಟಿನ ಹಿಂದಿನಿಂದ ಲೊಚ್ ಲೊಚ್ ಎಂದಿತು. ಹೆಂಡತಿ ನೆಲ ಕುಟ್ಟಿದಳು.

ಈಗ ಮತ್ತೆ ಮಾರ್ಚ್ ಮುಗಿಯುತ್ತ ಬಂದಿದೆ. ಅಂಗಳದಲ್ಲಿ 41. ಓಣಿಯ ಎಲ್ಲ ಮನೆಗಳಲ್ಲಿ ಕೂಲರ್ ಗುರ್ರೆನ್ನುತ್ತಿದೆ, ನಮ್ಮದು ಇನ್ನೂ ಅಟ್ಟದ ಮೇಲಿದೆ. ನಾವು ಗಂಡ ಹೆಂಡತಿ ಹಳೆಯ ಪೇಪರಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದೇವೆ. ನಿನ್ನೆ ತಡೆಯಲಾರದೆ ಏಣಿ ಹತ್ತಿದೆ. ಜಾಳಿಗೆಯ ತನಕ ಕೈ ಹೋಯಿತು. ಕೆಳಗೆ ಏಣಿ ಹಿಡಿದಿದ್ದವಳು ಕೇಳಿದಳು:

“ಅವ ಏನ್ರೀ?”

ಟಾರ್ಚಿನ ಸೆಲ್ ಹೋಗ್ಯದ ಎಂದು ಹೇಳಿ ಇಳಿದುಬಂದೆ.